ಸಂತೆಯ ದಿನ ನೋಡಿ ಹೊರಡಿ: ವಹಾಕಾ ಕಣಿವೆಯ ಸಂತೆ, ಕೈಕಸುಬು ಮತ್ತು ಪುರಾತನ ತಾಣಗಳಿಗೆ ಸಮಗ್ರ ಮಾರ್ಗದರ್ಶಿ

ದಕ್ಷಿಣ ಮೆಕ್ಸಿಕೋದ ವಹಾಕಾಗೆ ಹೋಗುವವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಬರೆದುಕೊಂಡು, ಆಮೇಲೆ ಬಿಡುವಾದ ದಿನ ಒಂದೊಂದೇ ಊರಿಗೆ ಹೊರಡುತ್ತಾರೆ. ಮಂಗಳವಾರ ತ್ಲಾಕೋಲುಲಾಗೆ ಹೋದರೆ ಅದೊಂದು ಸಾಧಾರಣ ಊರು. ಭಾನುವಾರ ಹೋದರೆ ಅದೇ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಟ್ಟದ ಹಳ್ಳಿಗಳಿಂದ ಇಳಿದು ಬಂದವರು ಮೆಣಸಿನಕಾಯಿ, ಕೋಳಿ, ಮಡಕೆ, ಹಗ್ಗ, ನೇಗಿಲ ಸಾಮಾನು ಎಲ್ಲವನ್ನೂ ಹರಡಿಕೊಂಡು ಕೂತಿರುತ್ತಾರೆ. ಇಲ್ಲಿ ವಾರದ ಸಂತೆ ಇಂದಿಗೂ ಬದುಕಿನ ಭಾಗ. ಅದಕ್ಕೆ ತಿಯಾಂಗೀಸ್ ಎನ್ನುತ್ತಾರೆ. ಆದ್ದರಿಂದ ಮೊದಲು ವಾರ, ಆಮೇಲೆ ಊರು.

ಬೋರ್ಡುಗಳಲ್ಲಿ ‘ಓಕ್ಸಾಕಾ’ ಎಂದು ಓದುವಂತೆ ಬರೆದಿರುತ್ತಾರೆ, ಉಚ್ಚಾರ ವಹಾಕಾ. ನಗರ ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿದೆ. ಅದರ ಸುತ್ತ ಕಣಿವೆ ಮೂರು ಕವಲಾಗಿ ಒಡೆದಿದೆ: ವಾಯವ್ಯಕ್ಕೆ ಎತ್ಲಾ, ಪೂರ್ವಕ್ಕೆ ತ್ಲಾಕೋಲುಲಾ, ದಕ್ಷಿಣಕ್ಕೆ ಸಾಚಿಲಾ ಮತ್ತು ಓಕೋತ್ಲಾನ್. ಈ ಮೂರೂ ಕೂಡುವ ಜಾಗದಲ್ಲಿ ಒಂದು ಬೆಟ್ಟವಿದೆ. ಕ್ರಿಸ್ತಪೂರ್ವ 500ರ ಹೊತ್ತಿಗೆ ಜಪೋತೆಕ್ ಜನ ಅದರ ನೆತ್ತಿಯನ್ನು ಸಮತಟ್ಟು ಮಾಡಿ ಮೋಂತೆ ಅಲ್ಬಾನ್ ನಗರ ಕಟ್ಟಿದರು. ಅಲ್ಲಿ ನಿಂತರೆ ಮೂರು ಕವಲೂ ಕಾಣುತ್ತವೆ. ಈ ಒಂದು ನಕ್ಷೆ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ಸುಲಭ, ಏಕೆಂದರೆ ಪ್ರತಿ ಕವಲಿನ ರಸ್ತೆಯಲ್ಲೂ ಒಂದು ಸಂತೆ, ಒಂದೆರಡು ಕಸುಬಿನ ಹಳ್ಳಿ, ಒಂದು ಹಳೆಯ ತಾಣ ಸಾಲಾಗಿ ಸಿಗುತ್ತವೆ.

ಹೊರಡುವ ಮುನ್ನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತ. ಏಪ್ರಿಲ್, ಮೇ ಬಿಸಿ. ಜುಲೈ ಕೊನೆಯ ಗೆಲಗೆತ್ಸಾ ಹಬ್ಬ, ನವೆಂಬರ್ 1 ಮತ್ತು 2ರ ಪಿತೃಗಳ ಹಬ್ಬ, ಡಿಸೆಂಬರ್ 23ರಂದು ಮೂಲಂಗಿಯ ಕೆತ್ತನೆಗಳನ್ನು ತೋರಿಸುವ ‘ಮೂಲಂಗಿ ರಾತ್ರಿ’, ಈ ಮೂರು ಸಮಯದಲ್ಲಿ ಕೋಣೆ ಸಿಗುವುದು ಕಷ್ಟ. ತಿಂಗಳುಗಟ್ಟಲೆ ಮೊದಲೇ ಕಾದಿರಿಸಿ. ಪಿತೃಗಳ ಹಬ್ಬಕ್ಕೆ ಹೋದರೆ ನಮ್ಮ ಕಣ್ಣಿಗೆ ಬಹಳ ಪರಿಚಿತವಾದ ಒಂದು ದೃಶ್ಯ ಕಾಣುತ್ತದೆ: ಸಂತೆ ತುಂಬ ಚೆಂಡುಹೂವಿನ ರಾಶಿ. ನಾವು ಆಯುಧಪೂಜೆಗೆ ಕಟ್ಟುವ ಆ ಹೂವಿನ ತವರೇ ಮೆಕ್ಸಿಕೋ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇದ್ದರೆ ಬೇರೆ ವೀಸಾ ಇಲ್ಲದೆ ಒಳಗೆ ಬಿಡುವ ಪದ್ಧತಿಯಿದೆ. ಟಿಕೆಟ್ ಕೊಳ್ಳುವ ಮೊದಲು ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಮೆಕ್ಸಿಕೋ ಸಿಟಿಯ ತಾಪೋ ನಿಲ್ದಾಣದಿಂದ ಬಸ್ಸಿನಲ್ಲಿ ಆರೂವರೆ ಏಳು ಗಂಟೆಯ ದಾರಿ, ಘಾಟಿಯ ತಿರುವುಗಳಿವೆ; ವಾಂತಿ ಬರುವವರು ಮಾತ್ರೆ ಇಟ್ಟುಕೊಳ್ಳಿ. ವಹಾಕಾದಲ್ಲಿ ಪ್ರತಿಭಟನೆಯ ರಸ್ತೆ ತಡೆ ಆಗಾಗ ನಡೆಯುತ್ತದೆ, ಅದಕ್ಕೆ ಬ್ಲೋಕೇಯೋ ಎನ್ನುತ್ತಾರೆ. ವಿಮಾನ ಹಿಡಿಯುವ ದಿನ ಹಳ್ಳಿಗೆ ಹೋಗುವ ಯೋಜನೆ ಬೇಡ.

ಸಂತೆಯಲ್ಲಿ ಕಾರ್ಡ್ ನಡೆಯುವುದಿಲ್ಲ. ಎಟಿಎಂನಿಂದ ಬರುವುದು 500 ಪೆಸೋ ನೋಟು, ಅದಕ್ಕೆ ಚಿಲ್ಲರೆ ಯಾರ ಹತ್ತಿರವೂ ಇರುವುದಿಲ್ಲ. ಹಿಂದಿನ ದಿನವೇ ದೊಡ್ಡ ಅಂಗಡಿಯಲ್ಲಿ ಏನಾದರೂ ಕೊಂಡು 20, 50, 100ರ ನೋಟು ಮಾಡಿಕೊಳ್ಳಿ. ಎಟಿಎಂ ‘ನಿಮ್ಮ ದೇಶದ ಹಣಕ್ಕೆ ಪರಿವರ್ತಿಸಲೇ’ ಎಂದು ಕೇಳಿದರೆ ಬೇಡ ಎನ್ನಿ. ಅವರ ದರ ಯಾವಾಗಲೂ ದುಬಾರಿ. ಪೆಸೋಗೂ ಡಾಲರಿಗೂ ಬರೆಯುವ ಚಿಹ್ನೆ ಒಂದೇ, ಬೆಲೆಯ ಚೀಟಿ ನೋಡಿ ಗಾಬರಿಯಾಗಬೇಡಿ.

ಒಂದು ವಾರದ ಲೆಕ್ಕ

ಬುಧವಾರ ಬೆಳಗ್ಗೆಯ ಹೊತ್ತಿಗೆ ಊರಲ್ಲಿರುವಂತೆ ಬಂದು ಮುಂದಿನ ಮಂಗಳವಾರ ಹೊರಡುವುದು ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು.

ಬುಧವಾರ ಎತ್ಲಾ ಸಂತೆ. ನಗರದಿಂದ 20 ಕಿಲೋಮೀಟರ್‌ಗೂ ಕಡಿಮೆ. ಚಿಕ್ಕ ಸಂತೆ, ಆದರೆ ದಾರದಂತೆ ಎಳೆದು ಉಂಡೆ ಸುತ್ತಿದ ಕೆಸೀಯೋ ಗಿಣ್ಣು ತಿನ್ನಬೇಕಾದ್ದು ಇಲ್ಲೇ. ವಾಪಸ್ ಬರುವಾಗ ಹಸಿರು ಮೆರುಗಿನ ಮಡಕೆಗಳ ಊರಾದ ಆತ್ಸೋಂಪಾಗೆ ತಿರುಗಿ. ಊರ ಮೇಲಿನ ಬೆಟ್ಟದಲ್ಲಿ ಮೋಂತೆ ಅಲ್ಬಾನ್ ಕಾಲದ ಬಡಾವಣೆಯೊಂದನ್ನು ಅಗೆದು ತೆಗೆದಿದ್ದಾರೆ. ಅಲ್ಲಿ ಸಿಕ್ಕ ಮಡಕೆ ಸುಡುವ ಆವಿಗೆಯ ವಿನ್ಯಾಸವೂ ಕೆಳಗಿನ ಊರಿನ ಈಗಿನ ಆವಿಗೆಯ ವಿನ್ಯಾಸವೂ ಹೆಚ್ಚು ಕಡಿಮೆ ಒಂದೇ.

ಗುರುವಾರ ಸಾಚಿಲಾ. ದಾರಿಯಲ್ಲಿ ಮರದ ಕೆತ್ತನೆಯ ಆರ್ರಾಸೋಲಾ, ಮಾಡು ಇಲ್ಲದ ದೊಡ್ಡ ಚರ್ಚು ಇರುವ ಕುಯಿಲಾಪಾನ್. ಮೆಕ್ಸಿಕೋದ ಅಧ್ಯಕ್ಷರಾಗಿದ್ದ ವಿಸೆಂತೆ ಗೆರ್ರೆರೋ ಅವರನ್ನು 1831ರಲ್ಲಿ ಗುಂಡಿಟ್ಟು ಕೊಂದದ್ದು ಇಲ್ಲೇ. ಸಾಚಿಲಾ ಸಂತೆಯ ಹಿಂದಿನ ದಿಬ್ಬದಲ್ಲಿ ಎರಡು ಗೋರಿಗಳಿವೆ. ಮೊದಲನೆಯದರ ಗೋಡೆಯ ಮೇಲೆ ಗಾರೆಯಲ್ಲಿ ಮಾಡಿದ ಗೂಬೆಗಳು ಈಗಲೂ ನಿಮ್ಮನ್ನೇ ದಿಟ್ಟಿಸಿ ನೋಡುತ್ತವೆ. ಬಾಗಿ ಇಳಿಯಬೇಕು, ಟಾರ್ಚ್ ಇರಲಿ.

ಶುಕ್ರವಾರ ಓಕೋತ್ಲಾನ್, ಸುಮಾರು 32 ಕಿಲೋಮೀಟರ್. ಅದೇ ರಸ್ತೆಯಲ್ಲಿ ಕಪ್ಪು ಮಡಕೆಯ ಕೊಯೋತೆಪೆಕ್, ಮರದ ಗೊಂಬೆಗಳ ತಿಲ್ಕಾಹೆತೆ, ಸೊಂಟಮಗ್ಗದ ಹಲಿಯೇಸಾ. ಮೊದಲು ನೇರ ಓಕೋತ್ಲಾನ್‌ಗೆ ಹೋಗಿ, ಬರುತ್ತಾ ಒಂದೊಂದೇ ಊರಲ್ಲಿ ಇಳಿಯಿರಿ. ಉಲ್ಟಾ ಮಾಡಿದರೆ ಸಂತೆ ತಲುಪುವಷ್ಟರಲ್ಲಿ ಅರ್ಧ ಜನ ಗಂಟು ಕಟ್ಟಿರುತ್ತಾರೆ.

ಶನಿವಾರ ಬೆಳಗ್ಗೆ ಮೋಂತೆ ಅಲ್ಬಾನ್, ಮಧ್ಯಾಹ್ನ ಸಾಂತೋ ದೊಮಿಂಗೋ ಚರ್ಚಿನ ಪಕ್ಕದ ವಸ್ತುಸಂಗ್ರಹಾಲಯ. ಭಾನುವಾರ ತಾಣಗಳಿಗೆ ಮೆಕ್ಸಿಕೋದವರಿಗೆ ಉಚಿತ ಪ್ರವೇಶವಿರುವುದರಿಂದ ಗದ್ದಲ. ಸೋಮವಾರ ವಸ್ತುಸಂಗ್ರಹಾಲಯಕ್ಕೆ ರಜ. ಭಾನುವಾರ ತ್ಲಾಕೋಲುಲಾಗೆ ಮೀಸಲಿಡಿ, ಒಂಬತ್ತಕ್ಕೆಲ್ಲ ಅಲ್ಲಿರಿ. ಸೋಮವಾರ ಅದೇ ಪೂರ್ವದ ರಸ್ತೆಯಲ್ಲಿ ಮಿತ್ಲಾದ ಹಳೆಯ ಅರಮನೆಗಳು, ಮರಳುತ್ತಾ ತೆಯೋತಿತ್ಲಾನ್‌ನ ನೇಕಾರರ ಮನೆಗಳು. ಎಲ್ ತೂಲೆ ಎಂಬ ಊರಿನ ಸುಮಾರು ಎರಡು ಸಾವಿರ ವರ್ಷದ ಮರ, ಸಂತೆ, ನೇಯ್ಗೆ, ಮಿತ್ಲಾ, ಕತ್ತಾಳೆಯ ಮದ್ಯವಾದ ಮೆಸ್ಕಾಲಿನ ಬಟ್ಟಿ ಎಲ್ಲವನ್ನೂ ಒಂದೇ ಭಾನುವಾರ ತೋರಿಸುತ್ತೇವೆ ಎನ್ನುವ ವ್ಯಾನ್ ಪ್ರವಾಸಗಳಿವೆ. ಅದರಲ್ಲಿ ಸಂತೆಗೆ ಸಿಗುವುದು ಮುಕ್ಕಾಲು ಗಂಟೆ, ನೇಕಾರರ ಮನೆಯಲ್ಲಿ ಸಿಗುವುದು ಕಮಿಷನ್ ಸೇರಿಸಿದ ಬೆಲೆ.

ಓಡಾಟಕ್ಕೆ ಕೊಲೆಕ್ತೀವೋ ಎಂಬ ಷೇರ್ ಟ್ಯಾಕ್ಸಿ ಸಾಕು. ಊರಿನ ಹೆಸರು ಮುಂದಿನ ಗಾಜಿನ ಮೇಲೆ ಬರೆದಿರುತ್ತದೆ, ತುಂಬಿದರೆ ಹೊರಡುತ್ತದೆ, ಮುಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸುವುದೂ ಉಂಟು. ಪೂರ್ವದ ಊರುಗಳಿಗೆ ಹೋಗುವವು ಬೇಸ್‌ಬಾಲ್ ಕ್ರೀಡಾಂಗಣದ ಹತ್ತಿರ ಹೆದ್ದಾರಿಯಲ್ಲಿ ಸಿಗುತ್ತವೆ; ಉಳಿದವು ಹೆಚ್ಚಾಗಿ ಅಬಾಸ್ತೋಸ್ ಮಾರುಕಟ್ಟೆಯ ಸುತ್ತಮುತ್ತ. ತೆಯೋತಿತ್ಲಾನ್‌ಗೆ ಹೋಗುವಾಗ ಮಿತ್ಲಾ ಬಸ್ ಹತ್ತಿದರೆ ಕ್ರಾಸಿನಲ್ಲಿ ಇಳಿಸುತ್ತಾರೆ, ಅಲ್ಲಿಂದ ಊರಿಗೆ ಇನ್ನೂ ನಾಲ್ಕು ಕಿಲೋಮೀಟರ್. ಕತ್ತಲಾದ ಮೇಲೆ ಗಾಡಿಗಳು ವಿರಳ. ಐದು ಗಂಟೆಗೆ ವಾಪಸ್ ದಾರಿಯಲ್ಲಿರಿ.

ಸಂತೆಯೊಳಗೆ

ಸಂತೆಯಲ್ಲಿ ಮಾರುವವರು ನಿಮ್ಮನ್ನು ‘ಮಾರ್ಚಾಂತೆ’ ಎಂದೂ ಹೆಂಗಸರನ್ನು ‘ಮಾರ್ಚಾಂತಾ’ ಎಂದೂ ಕರೆಯುತ್ತಾರೆ. ನೀವೂ ಅವರನ್ನು ಹಾಗೇ ಕರೆಯಬಹುದು. ಮೊದಲು ‘ಬುಯೆನೋಸ್ ದೀಯಾಸ್’ ಎಂದು ನಮಸ್ಕರಿಸಿ, ಆಮೇಲೆ ‘ಆ ಕೋಮೋ?’ (ಹೇಗೆ ಕೊಡ್ತೀರಿ?) ಎಂದು ಕೇಳಿ. ನಮಸ್ಕಾರವಿಲ್ಲದೆ ಬೆಲೆ ಕೇಳುವುದು ಅಲ್ಲಿ ಒರಟುತನ. ತರಕಾರಿಯನ್ನು ಕಿಲೋ, ‘ಮೇದಿಯೋ’ ಅಂದರೆ ಅರ್ಧ, ‘ಕ್ವಾರ್ತೋ’ ಅಂದರೆ ಕಾಲು ಲೆಕ್ಕದಲ್ಲಿ ಮಾರುತ್ತಾರೆ. ಕೆಲವು ಅಜ್ಜಿಯಂದಿರು ಗುಪ್ಪೆ ಲೆಕ್ಕದಲ್ಲಿ.

ನಮ್ಮ ಸಂತೆಯ ಎರಡು ರೂಢಿಗಳು ಅಲ್ಲೂ ಇವೆ. ಮೊದಲ ಬೋಣಿಯ ದುಡ್ಡು ಕೈಗೆ ಬಂದಾಗ ಅನೇಕರು ಅದನ್ನು ಹಿಡಿದೇ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಕೊಸರಿಗೆ ಅಲ್ಲಿ ‘ಪಿಲೋನ್’ ಎಂಬ ಹೆಸರಿದೆ. ಒಂದೇ ಕಡೆ ನಾಲ್ಕಾರು ವಸ್ತು ಕೊಂಡಿದ್ದರೆ ನಗುತ್ತಾ ಕೇಳಬಹುದು. ಹಣ್ಣು ತರಕಾರಿಗೆ ಚೌಕಾಸಿ ಬೇಡ, ಬೆಲೆ ಮೊದಲೇ ಕಡಿಮೆ. ಕೈಕಸುಬಿನ ವಸ್ತುವಿಗೆ ‘ಎರಡು ತಗೊಂಡರೆ ಎಷ್ಟು?’ ಎಂದು ಕೇಳುವುದೇ ಮರ್ಯಾದೆಯ ಚೌಕಾಸಿ. ಅರ್ಧ ಬೆಲೆಗೆ ಕೇಳಿದರೆ ಮಾಡಿದವರ ಮುಖ ಸಪ್ಪಗಾಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಫೋಟೊ ತೆಗೆಯುವ ಮುನ್ನ ‘ಪುಯೆದೋ ತೋಮಾರ್ ಉನಾ ಫೋತೋ?’ ಎಂದು ಕೇಳಿ. ಏನಾದರೂ ಕೊಂಡ ಮೇಲೆ ಕೇಳಿದರೆ ಇನ್ನೂ ಒಳ್ಳೆಯದು.

ನಗರದೊಳಗಿನ ಮಾರುಕಟ್ಟೆಗಳಲ್ಲಿ ತಪ್ಪಿಸಬಾರದ್ದು ‘20 ದೆ ನೊವಿಯೆಂಬ್ರೆ’ ಮಾರುಕಟ್ಟೆಯ ಪಕ್ಕದ ಮೀನಾ ಬೀದಿಯ ಚಾಕೊಲೇಟ್ ಗಿರಣಿಗಳು. ನಮ್ಮ ಊರಿನ ಹಿಟ್ಟಿನ ಗಿರಣಿಯ ಹಾಗೆಯೇ: ಹುರಿದ ಕೋಕೋ ಬೀಜ, ಚಕ್ಕೆ, ಬಾದಾಮಿ ತೂಗಿಸಿ ಸುರಿಸಬೇಕು. ಮೊದಲ ಸುತ್ತಿಗೆ ಕಪ್ಪು ರಬ್ಬಡಿ ಹೊಳೆಯುತ್ತಾ ಇಳಿಯುತ್ತದೆ. ಅದಕ್ಕೆ ಸಕ್ಕರೆ ಬೆರೆಸಿ ಮತ್ತೊಮ್ಮೆ ಹಾಕುತ್ತಾರೆ. ಒಂದು ಕಿಲೋ ಕೋಕೋಗೆ ಒಂದು ಕಿಲೋ ಸಕ್ಕರೆ ಹಾಕಿಸಿದರೆ ಕಹಿ ಉಳಿಯುತ್ತದೆ, ಎರಡು ಕಿಲೋ ಹಾಕಿಸಿದರೆ ಮಕ್ಕಳಿಗೆ ಇಷ್ಟವಾಗುವ ಸಿಹಿ. ಬಿಸಿಯಾಗಿರುವಾಗಲೇ ಚೀಲದ ಬಾಯಿ ಕಟ್ಟಿದರೆ ಒಳಗೆ ಹಬೆ ಕೂತು ನೀರಾಡಿ ಕೆಡುತ್ತದೆ. ಕೋಣೆಗೆ ಒಯ್ದು, ತಟ್ಟೆಯಲ್ಲಿ ಹರಡಿ, ಆರಿಸಿ, ಉಂಡೆ ಕಟ್ಟಿ ಆಮೇಲೆ ಮುಚ್ಚಿ.

ಸಸ್ಯಾಹಾರಿಗಳು ಇದನ್ನು ಓದಲೇಬೇಕು

‘ವೆಹೆತಾರಿಯಾನೋ’ ಎಂದರೆ ಸಾಲದು. ಎದುರಿಗೆ ಕಾಣುವ ಮಾಂಸ ಅಡ್ಡಿಯಲ್ಲ, ಕಾಣದ ಕೊಬ್ಬೇ ತೊಂದರೆ. ದೊಡ್ಡ ಗರಿಗರಿ ರೊಟ್ಟಿಯಂತಹ ತ್ಲಾಯೂದಾಕ್ಕೆ ಮೊದಲು ಸವರುವುದೇ ಅಸಿಯೆಂತೋ, ಅಂದರೆ ಹಂದಿಕೊಬ್ಬಿನ ಚರಟ. ಕಾಳಿನ ಗೊಜ್ಜನ್ನೂ ಹಂದಿಕೊಬ್ಬಿನಲ್ಲಿ ಹುರಿಯುವುದುಂಟು, ಅನ್ನವನ್ನು ಕೋಳಿಸಾರಿನಲ್ಲಿ ಬೇಯಿಸುವುದುಂಟು. ಹೇಳಬೇಕಾದ ಮಾತು: ‘ಸಿನ್ ಕಾರ್ನೆ, ಸಿನ್ ಅಸಿಯೆಂತೋ, ಸಿನ್ ಮಂತೇಕಾ, ಸಿನ್ ಕಾಲ್ದೋ ದೆ ಪೋಯೋ’ (ಮಾಂಸ, ಅಸಿಯೆಂತೋ, ಹಂದಿಕೊಬ್ಬು, ಕೋಳಿಸಾರು ಇಲ್ಲದೆ). ಕಾಗದದಲ್ಲಿ ಬರೆದಿಟ್ಟುಕೊಂಡು ತೋರಿಸಿ. ಮೋಲೆ ಎಂಬ ಮಸಾಲೆಯ ಮುದ್ದೆ ಕೊಳ್ಳುವಾಗಲೂ ‘ಯೇವಾ ಮಂತೇಕಾ?’ (ಹಂದಿಕೊಬ್ಬು ಇದೆಯೇ?) ಎಂದು ಕೇಳಿ. ಕೆಂಪಗೆ ಗುಡ್ಡೆ ಹಾಕಿರುವ ಚಾಪುಲೀನೆಸ್ ಹುರಿದ ಮಿಡತೆ. ಅದರ ಪುಡಿಯನ್ನು ಉಪ್ಪಿನ ಜೊತೆ ಬೆರೆಸಿಯೂ ಮಾರುತ್ತಾರೆ.

ತ್ಲಾಕೋಲುಲಾದಲ್ಲಿ ಮಾರುಕಟ್ಟೆಯೊಳಗೆ ಉರಿಯುವ ಇದ್ದಿಲ ಒಲೆಗಳಿವೆ, ಕೊಂಡದ್ದನ್ನು ನೀವೇ ಸುಟ್ಟುಕೊಳ್ಳಬಹುದು. ಪಾಪಾಸುಕಳ್ಳಿಯ ಎಳೆ ಎಲೆ, ಎಳೆ ಈರುಳ್ಳಿ, ಹಸಿಮೆಣಸು, ಗಿಣ್ಣು ಕೊಂಡು ಸುಟ್ಟು, ನಿಂಬೆ ಹಿಂಡಿ, ಬಿಸಿ ತೋರ್ತೀಯಾ ರೊಟ್ಟಿಯಲ್ಲಿ ಸುತ್ತಿ ತಿನ್ನಿ. ಪಕ್ಕದವರ ಮಾಂಸವೂ ಅದೇ ಸರಳಿನ ಮೇಲಿರುತ್ತದೆ. ಬೇಡವೆನ್ನುವವರು ಪುಟ್ಟ ತಂತಿಜಾಲರಿ ಒಯ್ಯಬೇಕು. ಕುಡಿಯಲು ತೆಹಾತೆ: ಮೆಕ್ಕೆಜೋಳ, ಕೋಕೋ, ಮಾಮೇ ಹಣ್ಣಿನ ಬೀಜ, ಒಂದು ಜಾತಿಯ ಸುವಾಸನೆಯ ಹೂವು ಅರೆದು, ತಣ್ಣೀರಿನಲ್ಲಿ ಕೈಯಿಂದ ಕಲಸಿ ಎತ್ತಿ ಸುರಿದಾಗ ಮೇಲೆ ಬಿಳಿ ನೊರೆ ಮೊಸರಿನ ಕೆನೆಯಂತೆ ನಿಲ್ಲುತ್ತದೆ. ಒಣಗಿದ ಕಾಯಿಯ ಬುರುಡೆಯ ಬಟ್ಟಲಲ್ಲಿ ಕೊಡುತ್ತಾರೆ. ನೀರು ‘ಪುರಿಫಿಕಾದಾ’ (ಶುದ್ಧೀಕರಿಸಿದ್ದು) ಹೌದೇ ಎಂದು ಕೇಳಿ ಕುಡಿಯಿರಿ.

ಕಸುಬನ್ನು ನೋಡಿ ಕೊಳ್ಳುವುದು

ತೆಯೋತಿತ್ಲಾನ್‌ನ ಉಣ್ಣೆಯ ನೆಲಹಾಸಿಗೆ ತಪೇತೆ ಎನ್ನುತ್ತಾರೆ. ಬಣ್ಣದ ಕತೆಯೇ ಇಲ್ಲಿನ ಸೊಗಸು. ಪಾಪಾಸುಕಳ್ಳಿಯ ಎಲೆಯ ಮೇಲೆ ಬೂಷ್ಟು ಹಿಡಿದಂತೆ ಬಿಳಿಯಾಗಿ ಕಾಣುವುದು ಕೊಚಿನೀಯಾ ಎಂಬ ಹುಳು. ಒಣಗಿದ ಹುಳು ಅಂಗೈಯಲ್ಲಿ ಬೂದು ಬಣ್ಣದ ಕಾಳಿನಂತಿರುತ್ತದೆ. ಹೆಬ್ಬೆರಳಿನಲ್ಲಿ ಒತ್ತಿದರೆ ರಕ್ತಗೆಂಪು. ಅದರ ಮೇಲೆ ನಿಂಬೆರಸ ಹಿಂಡಿದರೆ ಕಿತ್ತಳೆ, ಸುಣ್ಣ ಅಥವಾ ಸೋಡಾ ಸೋಕಿಸಿದರೆ ನೇರಳೆ. ಹುಳಿಗೂ ಕ್ಷಾರಕ್ಕೂ ಬಣ್ಣ ಬದಲಾಗುವ ಗುಣ ಅದರದು. ಒಂದು ಕಿಲೋ ಒಣ ಬಣ್ಣಕ್ಕೆ ಲಕ್ಷಕ್ಕೂ ಹೆಚ್ಚು ಹುಳು ಬೇಕು. ನೀಲಿಗೆ ನೀಲಿಗಿಡ, ಹಳದಿಗೆ ಚೆಂಡುಹೂವಿನ ಜಾತಿಯ ಗಿಡ. ಈ ಪ್ರದರ್ಶನ ಎಲ್ಲ ಮನೆಯಲ್ಲೂ ನಡೆಯುತ್ತದೆ, ಆದರೆ ಪ್ರದರ್ಶನ ತೋರಿಸಿದವರ ಎಲ್ಲ ನೆಲಹಾಸೂ ನೈಸರ್ಗಿಕ ಬಣ್ಣದ್ದೇ ಎಂದಲ್ಲ. ಹೀಗೆ ಪರೀಕ್ಷಿಸಿ:

1. ಅಂಚಿನಿಂದ ಒಂದು ಎಳೆ ಕೇಳಿ ಪಡೆದು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಉಜ್ಜಿದರೆ ಬೂದಿ. ಕೃತಕ ನೂಲು ಕರಗಿ ಗಟ್ಟಿ ಗುಂಡಾಗುತ್ತದೆ.
2. ಒದ್ದೆ ಬಿಳಿ ಬಟ್ಟೆಯಿಂದ ಗಾಢ ಬಣ್ಣದ ಭಾಗವನ್ನು ಉಜ್ಜಿ. ಧಾರಾಳವಾಗಿ ಬಣ್ಣ ಬಿಟ್ಟರೆ ಬಿಡಿ.
3. ನಡುವಿಗೆ ಮಡಚಿ ಅಂಚಿಗೆ ಅಂಚು ಕೂಡಿಸಿ. ಎರಡು ಬೆರಳಿಗಿಂತ ಹೆಚ್ಚು ಸೊಟ್ಟಗಿದ್ದರೆ ನೆಲದ ಮೇಲೆ ಸರಿಯಾಗಿ ಕೂರುವುದಿಲ್ಲ.
4. ತಿರುಗಿಸಿ ನೋಡಿ. ಮಗ್ಗದ್ದಾದರೆ ಎರಡೂ ಬದಿ ಒಂದೇ ಚಿತ್ರ. ಬೆಳಕಿಗೆ ಹಿಡಿದಾಗ ತೂತು ಕಂಡರೆ ನೇಯ್ಗೆ ಸಡಿಲ, ಬೇಗ ಜಗ್ಗುತ್ತದೆ.

ಒಂದೇ ಬಣ್ಣದೊಳಗೆ ಸಣ್ಣ ಏರಿಳಿತ ಕಂಡರೆ ದೋಷವೆಂದು ತಿಳಿಯಬೇಡಿ. ಬೇರೆ ಬೇರೆ ದಿನ ಅದ್ದಿದ ನೂಲು ಹಾಗೆಯೇ ಇರುತ್ತದೆ.

ಕೊಯೋತೆಪೆಕ್‌ನ ಕಪ್ಪು ಮಡಕೆಗೆ ಬಣ್ಣವನ್ನೇ ಹಚ್ಚಿರುವುದಿಲ್ಲ. ತಿಗರಿ ಎಂದರೆ ಬೋರಲು ಹಾಕಿದ ಒಂದು ಬೋಗುಣಿಯ ಮೇಲೆ ಇನ್ನೊಂದು ಬೋಗುಣಿ, ಕೈಯಲ್ಲೇ ತಿರುಗಿಸುತ್ತಾರೆ. ಅರ್ಧ ಒಣಗಿದಾಗ ಬೆಣಚುಕಲ್ಲಿನಿಂದ ಉಜ್ಜಿ, ಆವಿಗೆಯಲ್ಲಿಟ್ಟು, ಕೊನೆಗೆ ಗಾಳಿಯಾಡದಂತೆ ಮುಚ್ಚುತ್ತಾರೆ. ಆಮ್ಲಜನಕವಿಲ್ಲದೆ ಮಣ್ಣಿನ ಕಬ್ಬಿಣದಂಶ ಕಪ್ಪಾಗುತ್ತದೆ, ಉಜ್ಜಿದ ಮೈ ಹೊಳೆಯುತ್ತದೆ. ಈ ಹೊಳಪಿನ ವಿಧಾನವನ್ನು 20ನೇ ಶತಮಾನದ ನಡುವಿನಲ್ಲಿ ಪ್ರಸಿದ್ಧಿಗೆ ತಂದವರು ಇದೇ ಊರಿನ ಕುಂಬಾರ ಹೆಂಗಸು ದೋನ್ಯಾ ರೋಸಾ. ಹೆಚ್ಚು ಕಾವು ಕೊಟ್ಟರೆ ಮಡಕೆ ಗಟ್ಟಿಯಾಗುತ್ತದೆ, ಆದರೆ ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಹೊಳೆಯುವ ಮಡಕೆಯಲ್ಲಿ ನೀರು ನಿಲ್ಲುವುದಿಲ್ಲ, ಒಸರುತ್ತದೆ. ನೀರಿಗೆ ಬೇಕೆಂದರೆ ಮಂಕು ಬೂದಿಯದನ್ನೇ ಕೇಳಿ.

ಆತ್ಸೋಂಪಾದ ಹಸಿರು ಮೆರುಗಿನ ಪಾತ್ರೆಯ ವಿಷಯದಲ್ಲಿ ನಮ್ಮ ಅಡುಗೆಯವರಿಗೆ ಒಂದು ಎಚ್ಚರಿಕೆ. ಸಾಂಪ್ರದಾಯಿಕ ಮೆರುಗಿನಲ್ಲಿ ಸೀಸವಿರುತ್ತದೆ. ಹುಳಿ ಪದಾರ್ಥ ಅದನ್ನು ಕರಗಿಸಿ ಊಟಕ್ಕೆ ಸೇರಿಸುತ್ತದೆ. ಹುಣಸೆಹುಳಿ, ಟೊಮ್ಯಾಟೊ, ಮಜ್ಜಿಗೆ, ಉಪ್ಪಿನಕಾಯಿ ಯಾವುದೂ ಅದಕ್ಕೆ ಬೇಡ. ‘ಸಿನ್ ಪ್ಲೋಮೋ’ (ಸೀಸವಿಲ್ಲದ್ದು) ಎಂದು ಖಾತ್ರಿ ಕೊಟ್ಟದ್ದನ್ನು ಮಾತ್ರ ಅಡುಗೆಗೆ ಇಟ್ಟುಕೊಳ್ಳಿ, ಉಳಿದದ್ದು ಅಲಂಕಾರಕ್ಕೆ.

ತಿಲ್ಕಾಹೆತೆ, ಆರ್ರಾಸೋಲಾಗಳ ಬಣ್ಣಬಣ್ಣದ ಪ್ರಾಣಿಗಳು ಕೊಪಾಲ್ ಮರದವು. ಹಸಿ ಮರವನ್ನು ಕೆತ್ತಿ ಒಣಗಿಸುತ್ತಾರೆ. ದೊಡ್ಡದಕ್ಕೆ ತಿಂಗಳುಗಳು ಬೇಕು. ಅವಸರದಲ್ಲಿ ಬಣ್ಣ ಬಳಿದದ್ದು ಮನೆಗೆ ಬಂದ ಮೇಲೆ ಸೀಳುತ್ತದೆ. ಕೈಯಲ್ಲಿ ಎತ್ತಿ ನೋಡಿ: ಗಾತ್ರಕ್ಕೆ ಮೀರಿದ ಭಾರವಿದ್ದರೆ ಇನ್ನೂ ಹಸಿ. ತಳದಲ್ಲಿ ಸೂಜಿತೂತು, ಹಿಟ್ಟಿನಂತಹ ಪುಡಿ ಕಂಡರೆ ಹುಳ ಹಿಡಿದಿದೆ. ಕಿವಿ, ರೆಕ್ಕೆ, ಬಾಲ ಬಿಚ್ಚಲು ಬರುತ್ತವೆಯೇ ಕೇಳಿ. ಬಿಚ್ಚಿ ಕಟ್ಟಿದರೆ ಮುರಿಯುವುದಿಲ್ಲ.

ಓಕೋತ್ಲಾನ್ ಪಕ್ಕದ ಸಾನ್ ಆಂತೋನೀನೋದ ಕಸೂತಿ ರವಿಕೆಯಲ್ಲಿ ನೆರಿಗೆಯ ಮೇಲೆ ಸಾಲಾಗಿ ಪುಟ್ಟ ಗೊಂಬೆಗಳಿರುತ್ತವೆ. ಆ ಹೊಲಿಗೆಯ ಹೆಸರು ‘ಆಸ್‌ಮೇ ಸಿ ಪುಯೆದೇಸ್’, ಅಂದರೆ ‘ಕೈಲಾದರೆ ಮಾಡು ನೋಡೋಣ’. ಒಂದು ಗೊಂಬೆ ಒಂದು ಕಾಳು ಅಕ್ಕಿಯಷ್ಟು. ಬಟ್ಟೆ ತಿರುಗಿಸಿ ಹಿಂಬದಿ ನೋಡಿದರೆ ಕೈಹೊಲಿಗೆಯೋ ಯಂತ್ರದ್ದೋ ತಿಳಿಯುತ್ತದೆ.

ಮೋಂತೆ ಅಲ್ಬಾನ್

ನಗರದಿಂದ ಸುಮಾರು 9 ಕಿಲೋಮೀಟರ್, 400 ಮೀಟರ್ ಏರು. ಬಾಗಿಲು ತೆರೆಯುವ ಸಮಯವನ್ನು ಹಿಂದಿನ ದಿನ ವಿಚಾರಿಸಿ, ಮೊದಲ ಬಸ್ಸಿಗೇ ಹೋಗಿ. ಬಯಲಿನಲ್ಲಿ ನೆರಳೇ ಇಲ್ಲ: ತಲೆಗೆ ಟೋಪಿ, ತಲಾ ಒಂದೂವರೆ ಲೀಟರ್ ನೀರು. ಸ್ಟ್ಯಾಂಡ್ ಹಾಕಿ ಫೋಟೊ ತೆಗೆಯಲು ಅನುಮತಿ ಬೇಕು.

ಬೆಳಗ್ಗೆಯೇ ಹೋಗಬೇಕಾದ್ದಕ್ಕೆ ಬಿಸಿಲಿನ ಜೊತೆ ಇನ್ನೊಂದು ಕಾರಣವಿದೆ. ‘ಕುಣಿಯುವವರು’ ಎಂದು ಹೆಸರಾದ ಕಲ್ಲುಗಳು ಬಯಲಿನ ಪಶ್ಚಿಮ ಬದಿಯಲ್ಲಿ ಪೂರ್ವಕ್ಕೆ ಮುಖ ಮಾಡಿವೆ. ಓರೆ ಬೆಳಕಿನಲ್ಲಿ ಗೆರೆಗಳು ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಅವು ಬರೀ ಕಲ್ಲು. ಹತ್ತಿರದಿಂದ ನೋಡಿ: ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಕೈಕಾಲು ಸಡಿಲ. ಅವರು ಕುಣಿಯುತ್ತಿಲ್ಲ, ಕೊಂದ ಸೆರೆಯಾಳುಗಳೆಂದು ಈಗಿನ ವಿದ್ವಾಂಸರಲ್ಲಿ ಬಹುಮಂದಿ ಹೇಳುತ್ತಾರೆ. ಹೊರಗಿರುವ ಹಲವು ಪ್ರತಿಕೃತಿಗಳು, ಮೂಲ ಕಲ್ಲುಗಳು ಬಾಗಿಲ ಬಳಿಯ ಸಂಗ್ರಹಾಲಯದಲ್ಲಿವೆ. ಆದ್ದರಿಂದ ಮೊದಲು ಈ ಕಲ್ಲುಗಳು, ಆಮೇಲೆ ದಕ್ಷಿಣದ ಕಟ್ಟೆಯ ಮೆಟ್ಟಿಲು, ಇಳಿದು ನಡುವಿನ ಬಾಣದ ಮೊನೆಯಂತಹ ಕಟ್ಟಡ, ಕೊನೆಗೆ ಚೆಂಡಾಟದ ಅಂಕಣ ಮತ್ತು ಉತ್ತರದ ಕಟ್ಟೆ. ಬಾಣದ ಕಟ್ಟಡ ಉಳಿದೆಲ್ಲಕ್ಕೂ ಓರೆಯಾಗಿ ನಿಂತಿದೆ. ಅದರ ಗೋಡೆಯ ಕಲ್ಲುಗಳಲ್ಲಿ ಬೆಟ್ಟದ ಗುರುತು, ಅದರಡಿ ತಲೆಕೆಳಗಾದ ತಲೆ. ಗೆದ್ದ ಊರುಗಳ ದಾಖಲೆಯೆಂದು ಅದನ್ನು ಓದುತ್ತಾರೆ. ಮೂರು ಗಂಟೆ ಸಾಕು.

1932ರಲ್ಲಿ ಪುರಾತತ್ವಜ್ಞ ಆಲ್ಫೋನ್ಸೋ ಕಾಸೋ ಇಲ್ಲಿನ 7ನೇ ಗೋರಿ ತೆರೆದಾಗ ಚಿನ್ನ, ನೀಲಿ ಹರಳು, ಕೆತ್ತಿದ ಎಲುಬು ಸಿಕ್ಕವು. ಗೋರಿ ಜಪೋತೆಕರದು, ಒಳಗಿನ ನಿಧಿ ಆಮೇಲೆ ಬಂದ ಮಿಷ್ಟೆಕರದು. ಅದೆಲ್ಲ ಸಾಂತೋ ದೊಮಿಂಗೋ ಸಂಗ್ರಹಾಲಯದಲ್ಲಿದೆ. ಅದೇ ದಿನ ನೋಡಿದರೆ ಎರಡೂ ಒಂದಕ್ಕೊಂದು ಕೂಡುತ್ತವೆ.

ಮಿತ್ಲಾ

ಮಿತ್ಲಾದಲ್ಲಿ ಎತ್ತರವಿಲ್ಲ, ಇರುವುದು ಕೈಚಳಕ. ಕಂಬಗಳ ಸಭಾಂಗಣದಲ್ಲಿ ಆರು ಏಕಶಿಲಾ ಕಂಬ ದಾಟಿ, ಕತ್ತಲ ಇಕ್ಕಟ್ಟು ಓಣಿಯಲ್ಲಿ ತಲೆ ತಗ್ಗಿಸಿ ನುಗ್ಗಿದರೆ ಚೌಕದ ಅಂಗಳ. ನಾಲ್ಕೂ ಗೋಡೆಯ ತುಂಬ ಮೆಟ್ಟಿಲು, ಸುರುಳಿ, ಅಲೆಗಳ ವಿನ್ಯಾಸ. ಇದು ಕೆತ್ತನೆಯಲ್ಲ. ಬೆರಳುದ್ದದ ಕಲ್ಲುಗಳನ್ನು ಬೇರೆ ಬೇರೆಯಾಗಿ ಕಡಿದು, ಗಾರೆಯಿಲ್ಲದೆ ಒಂದರ ಪಕ್ಕ ಒಂದು ಕೂರಿಸಿದ್ದು. ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ಓರೆಯಾಗಿ ನೋಡಿದರೆ ಒಂದೊಂದು ಕಲ್ಲಿನ ಕೂಡು ಕಾಣುತ್ತದೆ. ಮುಟ್ಟಬೇಡಿ, ಬೆವರಿನ ಉಪ್ಪು ಕಲ್ಲನ್ನು ತಿನ್ನುತ್ತದೆ. ಇದೇ ವಿನ್ಯಾಸ ತೆಯೋತಿತ್ಲಾನ್‌ನ ನೆಲಹಾಸುಗಳಲ್ಲಿದೆ, ಹಾಗಾಗಿ ಮಿತ್ಲಾ ಮೊದಲು, ನೇಕಾರರ ಮನೆ ಆಮೇಲೆ. ಪಕ್ಕದ ಚರ್ಚನ್ನು ಹಳೆಯ ಅರಮನೆಯ ಕಲ್ಲು ಬಳಸಿ ಅದರ ಮೇಲೆಯೇ ಕಟ್ಟಿದ್ದಾರೆ.

ತಾಣಗಳ ಸುತ್ತ ‘ಹೊಲದಲ್ಲಿ ಸಿಕ್ಕ ಹಳೆಯ ವಿಗ್ರಹ’ ಎಂದು ಮೆಲ್ಲಗೆ ತೋರಿಸುವವರಿರುತ್ತಾರೆ. ಹೆಚ್ಚಿನವು ಹೊಸದಾಗಿ ಮಾಡಿ ಮಣ್ಣು ಮೆತ್ತಿದವು. ನಿಜವಾದದ್ದೇ ಆದರೆ ಇನ್ನೂ ಕಷ್ಟ: 1972ರ ಕಾನೂನಿನಂತೆ ಅವು ರಾಷ್ಟ್ರದ ಸ್ವತ್ತು, ಹೊರಗೆ ಒಯ್ಯುವುದು ಅಪರಾಧ. ನೆಲದಲ್ಲಿ ಬಿದ್ದ ಮಡಕೆ ಚೂರನ್ನೂ ಎತ್ತಿಕೊಳ್ಳಬೇಡಿ.

ಗಂಟು ಕಟ್ಟುವಾಗ

ಮೋಲೆ ಮುದ್ದೆಯನ್ನು ವಿಮಾನ ನಿಲ್ದಾಣದಲ್ಲಿ ದ್ರವದ ಲೆಕ್ಕಕ್ಕೆ ಸೇರಿಸುತ್ತಾರೆ; ಕೈಚೀಲದಲ್ಲಿಟ್ಟರೆ ಕಿತ್ತಿಡುತ್ತಾರೆ. ಅದನ್ನೂ ಮೆಸ್ಕಾಲನ್ನೂ ದೊಡ್ಡ ಪೆಟ್ಟಿಗೆಯಲ್ಲಿ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಇಡಿ. ಭಾರತಕ್ಕೆ ತಲಾ ಎರಡು ಲೀಟರ್ ಮದ್ಯ ಸುಂಕವಿಲ್ಲದೆ ತರಬಹುದು. ಮೆಣಸಿನ, ಮೆಕ್ಕೆಜೋಳದ ಬಿತ್ತನೆ ಬೀಜ ತರಲು ಸಸ್ಯ ಸಂಪರ್ಕತಡೆಯ ಪರವಾನಗಿ ಬೇಕು, ಅದಿಲ್ಲದೆ ತರಬೇಡಿ. ಕಪ್ಪು ಮಡಕೆಯೊಳಗೆ ಕಾಲುಚೀಲ ಬಿಗಿಯಾಗಿ ತುರುಕಿ, ನೆಲಹಾಸಿನಲ್ಲಿ ಸುತ್ತಿ, ಪೆಟ್ಟಿಗೆಯ ನಡುವೆ ಇಡಿ. ಅಂಚಿಗೆ ತಾಗಿದ್ದೇ ಮೊದಲು ಒಡೆಯುವುದು. ಮರದ ಪ್ರಾಣಿಯಲ್ಲಿ ಮನೆಗೆ ಬಂದ ಮೇಲೆ ಪುಡಿ ಉದುರಿದರೆ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚದೆ ಒಂದು ದಿನ ಹಾಗೆಯೇ ಬಿಡಿ. ಇಲ್ಲದಿದ್ದರೆ ತಣ್ಣನೆಯ ಮೈಮೇಲೆ ನೀರಾಡಿ ಬಣ್ಣ ಏಳುತ್ತದೆ.